ಕ್ವಾರ್ಟರ್ ಬಾಟಲಿ

ಅಮ್ಮತ್ತಿಯ ಬಾರಿನ ಹಿತ್ತಲಿಗೆ
ಬೆಳಿಗ್ಗೆ ಆರಕ್ಕೇ ಹೋಗಬೇಕು,
ಗುಜರಿಯವನು ಬರುವ ಮೊದಲು.
ಮೂರು ಬಾಟಲಿಗೆ ಎರಡು ರೂಪಾಯಿ,
ಮುಚ್ಚಳ ಇದ್ದರೆ ಒಂದಕ್ಕೆ ಒಂದು.
ಬೂದಿ, ಬಿಸಿನೀರು, ಸೋಡಾಪುಡಿ, ಮತ್ತೆ ಬಿಸಿನೀರು.
ಏಳನೆಯ ಸಲ ಗಲಬರಿಸುವ ಹೊತ್ತಿಗೆ
ಗಂಡಸರ ಸಂಜೆ ಅದರಿಂದ ಇಳಿದುಹೋಗುತ್ತದೆ.

ಹಣ್ಣು ಪುಕ್ಕಟೆಯಲ್ಲವೆ ಎನ್ನುತ್ತಾರೆ.
ಕಕ್ಕಡದಲ್ಲಿ, ತೋಡಿನಾಚೆ, ಪುಳಿಮರದಡಿ
ಒಬ್ಬಳು ಹೆಕ್ಕುವಾಗ ಒಬ್ಬಳು ಕಿವಿಗೊಟ್ಟು ನಿಲ್ಲಬೇಕು.
ಬಿದಿರು ಮುರಿದ ಸದ್ದಾಯಿತೋ,
ಬುಟ್ಟಿ ಆನೆಗೆ, ಕಾಲು ನಮಗೆ.
ಹೋದ ವರ್ಷ ಸರಸು ನಿಂತಿದ್ದಳು.
ಈ ವರ್ಷ ಅವಳ ಗಂಡ ಕಳಿಸುವುದಿಲ್ಲ.
ಹೆಕ್ಕುವವಳೂ ನಾನೇ, ಕಿವಿಯೂ ನಾನೇ.

ರಸ ತೊಟ್ಟಿಕ್ಕಲು ಒಂದು ವಾರ,
ಹತ್ತು ಲೀಟರು ಕುದಿಕುದಿದು ಒಂದಾಗಲು
ಎರಡು ಹಗಲು, ಒಂದು ಇಡೀ ರಾತ್ರಿ.
ಖರ್ಚು ಹೇಳಿ ಅಂದಳು ಸಂಘದ ರೇವತಿ, ಪುಸ್ತಕ ಬಿಚ್ಚಿ.
ಬಾಟಲಿ ಬರೆಸಿದೆ. ಬಸ್ಸು ಬರೆಸಿದೆ.
ನಿದ್ದೆಗೆ ಕಾಲಂ ಇಲ್ಲವಂತೆ.
ಹಾಗಾಗಿ ನನಗೆ ಲಾಭ ಜಾಸ್ತಿ,
ಹಾಗಾಗಿ ಕಂತೂ ಜಾಸ್ತಿ.

ಹೋಮ್‌ಸ್ಟೇಯ ಸಾಹುಕಾರರು ಮೂವತ್ತು ಒಯ್ದರು.
ಅವರ ಗಾಜಿಗೆ ಸುರಿದು ಚೀಟಿ ಅಂಟಿಸಿದ್ದಾರೆ:
ಯಾವುದೋ ಅಜ್ಜಿ ನಗುತ್ತಾಳೆ,
'ನಮ್ಮ ಅಡುಗೆಮನೆಯಿಂದ' ಎನ್ನುತ್ತಾಳೆ.
ದುಡ್ಡು, ಸೀಸನ್ ಮುಗಿದ ಮೇಲಂತೆ.
ಗಟ್ಟಿಯಾಗಿ ಕೇಳುವಂತಿಲ್ಲ,
ನಾವಿರುವ ಲೈನ್‌ಮನೆಯ ಹೆಂಚು ಅವರದು.

ಬುಧವಾರ ವಿರಾಜಪೇಟೆ ಸಂತೆ.
ಪಕ್ಕದವನು ವಿನಿಗರಿಗೆ ಬೆಲ್ಲ ಸುಟ್ಟು ಬೆರೆಸಿ
ಅರ್ಧ ರೇಟಿಗೆ ಕೊಡುತ್ತಾನೆ.
'ಎರಡೂ ಕಪ್ಪೇ ಅಲ್ವಾ?' ಕೇಳುತ್ತಾರೆ.
ನಾನು ಮಾತಾಡುವುದಿಲ್ಲ.
ಸಿಮೆಂಟು ಕಟ್ಟೆಯ ಮೇಲೆ ಒಂದು ತೊಟ್ಟು ಬಿಡುತ್ತೇನೆ.
ಬುಸ್ಸೆಂದು ನೊರೆ ಏಳುತ್ತದೆ, ಅವನದು ಸುಮ್ಮನೆ ಹರಿಯುತ್ತದೆ.
ಕೆಲವರು ನೋಡುತ್ತಾರೆ.
ಹೆಚ್ಚಿನವರು ಅರ್ಧ ರೇಟಿನದು ಕೊಳ್ಳುತ್ತಾರೆ.
ಕಟ್ಟೆ ತೂತಾಯಿತೆಂದು ಸುಂಕದವನು ಬೈಯುತ್ತಾನೆ.

ವಾಪಸು ಬಸ್ಸಿನಲ್ಲಿ ನನಗೆ ದುಡ್ಡಿಲ್ಲ,
ಉಳಿದ ಪೆಟ್ಟಿಗೆಗೆ ಇದೆ.
ಬಾಟಲಿ ಕಂಡ ಕಂಡಕ್ಟರ್ ಕಣ್ಣು ಹೊಡೆದ:
'ಏನಕ್ಕಾ, ಮನೆಯಲ್ಲೇ ಬಾರಾ?'
ಇಡೀ ಬಸ್ಸು ನಕ್ಕಿತು.
ಕೈ ನೀಡು ಅಂದೆ.
ಅಂಗೈಗೆ ನಾಲ್ಕು ತೊಟ್ಟು. ನೆಕ್ಕಿದ.
ಅಮ್ಮತ್ತಿ ಬರುವವರೆಗೂ ಬಾಯಿ ಸೊಟ್ಟಗಾಗಿ
ಸೀಟಿ ಊದಲಾಗದೆ
ತಗಡು ತಟ್ಟಿ ತಟ್ಟಿಯೇ ಬಸ್ಸು ನಿಲ್ಲಿಸಿದ.