ಐದನೆಯ ಹಗ್ಗ

ಚೀಟಿಯಲ್ಲಿ ಇದ್ದದ್ದು ಎರಡೇ: ನನ್ನ ಹೆಸರು, ಒಂದು ಅಂಕೆ.
ಐದು. ಅಂದರೆ ಎಡಗಡೆ, ಅವರ ಮಂಡಿಯ ನೇರಕ್ಕೆ.
ಆರ್ಕ್ನಿಯ ನಮ್ಮ ದ್ವೀಪದಲ್ಲಿ ಪೆಟ್ಟಿಗೆಯನ್ನು ಮಣ್ಣಿಗಿಳಿಸಲು
ಎಂಟು ಹಗ್ಗ, ಎಂಟು ಜನ. ತಲೆಯ ಕಡೆಯದು ಹಿರಿಮಗನಿಗೆ,
ಆಮೇಲೆ ತಮ್ಮಂದಿರು, ಅಳಿಯಂದಿರು, ನೆರೆಯವರು.
ಮಿಸ್ ಡ್ರೀವರ್‌ಗೆ ಮಗನಿರಲಿಲ್ಲ. ಪಟ್ಟಿಯಿತ್ತು.

ಥೋರಾ ಡ್ರೀವರ್, ತೊಂಬತ್ತೇಳು ವರ್ಷ, ಐದು ತಿಂಗಳು.
'ಹತ್ತಿರ ಹತ್ತಿರ ನೂರು' ಎಂದರು ಪಾದ್ರಿ.
ನಾವೆಲ್ಲ ಪೆಟ್ಟಿಗೆಯ ಕಡೆ ನೋಡಿದೆವು.
ಹತ್ತಿರ ಹತ್ತಿರ ಎಂಬ ಉತ್ತರ ಅವರ ತರಗತಿಯಲ್ಲಿ
ಹೊರಗೆ, ಗಾಳಿಯಲ್ಲಿ, ನಿಲ್ಲಬೇಕಾದ ತಪ್ಪು;
ಮರವೇ ಬೆಳೆಯದ ಊರಿನ ಗಾಳಿ ಎಂದರೆ
ನಿಂತವರಿಗೇ ಗೊತ್ತು.

ಅಬರ್ಡೀನಿನಲ್ಲಿ ಗಣಿತ ಓದಿದರು, ಯುದ್ಧದ ಕಾಲದಲ್ಲಿ,
ಕಿಟಕಿಗೆ ಕಪ್ಪು ಪರದೆ ಎಳೆದು, ಕೈಗವಸಿನ ಬೆರಳು ಕತ್ತರಿಸಿ.
ಪದಕ ಬಂತು. ಅದು ಗುಂಡಿಗಳ ಡಬ್ಬಿಯಲ್ಲಿತ್ತು,
ಕೋಟಿನ ಗುಂಡಿ ಹುಡುಕುವಾಗ ಒಮ್ಮೆ ನನ್ನ ಕೈಗೆ ಸಿಕ್ಕಿತು.
ಇಷ್ಟು ಓದಿ ಈ ಕಲ್ಲುದಿಬ್ಬಕ್ಕೆ ಯಾಕೆ ಮರಳಿದಿರಿ ಎಂದರೆ,
'ಗಣಿತ ಮೀನಲ್ಲ ಹುಡುಗಿ, ದೋಣಿಯಲ್ಲಿ ತಂದರೆ ಕೆಡದು.'

ಮಂಗಳವಾರ ಸಂಜೆ ಅವರ ಅಡುಗೆಮನೆಯೇ ಕಚೇರಿ.
ವಿಧವೆಯರ ಪಿಂಚಣಿ ಅರ್ಜಿ, ಕುರಿಗಳ ಸಬ್ಸಿಡಿ,
ಹಡಗಿನಲ್ಲಿ ಸತ್ತ ಯಾರದೋ ಮಗನ ಸಂಬಳಕ್ಕಾಗಿ
ಹಲ್ ಬಂದರಿನ ಕಂಪನಿಗೆ ಏಳು ಪತ್ರ, ಏಳಕ್ಕೂ ಕಾರ್ಬನ್ ಪ್ರತಿ.
ಚಹಾದ ಪೆಟ್ಟಿಗೆಗೆ ಪುಸ್ತಕ ತುಂಬಿ ಮನೆಮನೆಗೆ ಕಳಿಸುತ್ತಿದ್ದರು;
ಹಿಂತಿರುಗಿದ ಹಾಳೆಗಳಲ್ಲಿ ಬೆಣ್ಣೆಯ ಕಲೆ, ಟಾರಿನ ಹೆಬ್ಬೆಟ್ಟು.
ಬೈಯಲಿಲ್ಲ. 'ಇಲ್ಲಿಯವರೆಗೆ ಓದಿದ್ದಾರೆ' ಎಂದು
ಪುಟದ ಸಂಖ್ಯೆ ಬರೆದುಕೊಂಡರು.

ಒಳ್ಳೆಯವರು ಎನ್ನಲು ನಾಲಿಗೆ ತಡೆಯುತ್ತದೆ.
ಹಠ. ಜೆಟ್ಟಿಯನ್ನು ದಕ್ಷಿಣಕ್ಕೇ ಕಟ್ಟಬೇಕೆಂದು
ಹನ್ನೊಂದು ವರ್ಷ ಸರ್ಕಾರವನ್ನು ಕಾಡಿದರು.
ಉತ್ತರಕ್ಕೆ ಕಟ್ಟಿ ಎಂದವನು ಮ್ಯಾಗ್ನಸ್ ಫೌಬಿಸ್ಟರ್,
ಏಡಿ ಹಿಡಿಯುವವನು, ಹನ್ನೆರಡಕ್ಕೇ ಶಾಲೆ ಬಿಟ್ಟವನು.
ದಕ್ಷಿಣಕ್ಕೇ ಆಯಿತು. ಮೂರನೆಯ ಚಳಿಗಾಲ
ಸಮುದ್ರ ಅರ್ಧ ಜೆಟ್ಟಿಯನ್ನು ಕಚ್ಚಿಕೊಂಡು ಹೋಯಿತು.
ಸಭೆಯಲ್ಲಿ ಎದ್ದು ನಿಂತರು: 'ಲೆಕ್ಕ ತಪ್ಪಿರಲಿಲ್ಲ.
ಕೇಳಬೇಕಾದವನನ್ನು ಕೇಳಲಿಲ್ಲ.'
ಅಂದೇ ಅವನ ಬಾಗಿಲಿಗೆ ಹೋದರು, ಬುಟ್ಟಿಯಲ್ಲಿ ಮೊಟ್ಟೆ.
ಅವನು ತೆರೆಯಲಿಲ್ಲ. ಬೆಳಿಗ್ಗೆ ದಾರಿಹೋಕರೆಲ್ಲ ಕಂಡರು,
ಬುಟ್ಟಿ ಹೊಸ್ತಿಲಲ್ಲೇ ಇತ್ತು, ಖಾಲಿ.

ಹೆಂಗಸರು ಆಗ ಗುಂಡಿಯ ತನಕ ಬರುತ್ತಿರಲಿಲ್ಲ,
ಮನೆಯಲ್ಲೇ ಬ್ರೆಡ್ಡು ಕೊಯ್ಯುತ್ತಿದ್ದರು.
ತಾಯಿ ತೀರಿದಾಗ ಇವರು ಟೋಪಿ ತೊಟ್ಟು ಗಂಡಸರ ಜೊತೆ
ನಡೆದು ಹೋಗಿ, ಒಂದನೆಯ ಹಗ್ಗವನ್ನು ಕೈಗೆ ಸುತ್ತಿಕೊಂಡರು.
ಯಾರೂ ಏನೂ ಅನ್ನಲಿಲ್ಲ. ಅನ್ನುವುದು ಹೇಗೆ?
ಅರ್ಧ ಜನಕ್ಕೆ ಮಗ್ಗಿ ಕಲಿಸಿದ ಕೈ ಅದು.

ಪಟ್ಟಿಯನ್ನು ಇವತ್ತು ನೋಡಿದೆ. ಪೆನ್ಸಿಲಿನಲ್ಲಿ ಬರೆದದ್ದು.
ಹಿಡಿಯಬೇಕಾದವರು ಒಬ್ಬೊಬ್ಬರೇ ಮೊದಲೇ ಹೋಗಿಬಿಟ್ಟರು;
ಹೋದ ಹೆಸರಿನ ಮೇಲೆ ನೇರ ಗೆರೆ, ಸ್ಕೇಲಿಟ್ಟು.
ಐದರ ಎದುರು ನನಗಿಂತ ಮೊದಲು ಇದ್ದವನು,
ಗೆರೆಯಡಿ ಇನ್ನೂ ಓದಲು ಬರುವಂತೆ,
ಮ್ಯಾಗ್ನಸ್ ಫೌಬಿಸ್ಟರ್.

ನನಗೆ ಭಿನ್ನರಾಶಿ ತಲೆಗೆ ಹತ್ತಿರಲಿಲ್ಲ.
ಕಡಲಂಚಿಗೆ ಕರೆದೊಯ್ದು ಕಂಬದ ಮೇಲೆ ಗೆರೆ ಹಾಕಿಸಿದರು,
ಗಂಟೆಗೊಂದು, ಆರು ಗಂಟೆ, ಜೇಬಿನಲ್ಲಿ ಓಟ್ಸ್ ರೊಟ್ಟಿ:
ಇಳಿತದ ಮೊದಲ ಗಂಟೆ, ಹನ್ನೆರಡರಲ್ಲಿ ಒಂದು ಪಾಲು.
ಆಮೇಲೆ ಎರಡು, ಮೂರು. ಮತ್ತೆ ಮೂರು. ಎರಡು. ಒಂದು.
'ನೀರಿಗೂ ಅವಸರವಿದೆ, ಆದರೆ ನಡುವೆ ಮಾತ್ರ.'
ಮೂವತ್ತು ವರ್ಷದಿಂದ ಇಲ್ಲಿಯ ದೋಣಿ ನನ್ನದು.
ಅವರನ್ನು ಆಸ್ಪತ್ರೆಗೆ ದಾಟಿಸಿದೆ. ಮೊನ್ನೆ ಮರಳಿ ತಂದೆ.

ಈಗ ಎಂಟು ಜನ ಕಾಲೂರಿ ನಿಂತಿದ್ದೇವೆ.
ಎಂಟನೆಯ ಹಗ್ಗ ಹದಿನೇಳರ ಇಂಗಾಳದು, ಕೊನೆಯ ಶಿಷ್ಯೆ.
ಕೈ ನಡುಗಿ ಜಾರಿಸಿಬಿಡುತ್ತಾಳೆ, ಪೆಟ್ಟಿಗೆ ವಾಲುತ್ತದೆ.
ಪಾದ್ರಿಯ ಮಾತಿನ ನಡುವೆಯೇ ಅನ್ನುತ್ತೇನೆ,
'ನಿಧಾನ. ಮೊದಲು ಒಂದು ಪಾಲು.'
ಹಗ್ಗ ಬಿಗಿಯಾಗುತ್ತದೆ.
ಎರಡು. ಮೂರು.
ಅಂಗೈಯಲ್ಲಿ ಬಿಸಿ.
ಮೂರು. ಎರಡು.
ಕೊನೆಯ ಒಂದನ್ನು ಯಾರೂ ಎಣಿಸುವುದಿಲ್ಲ;
ತಳ ಮುಟ್ಟಿದ್ದು ಕೈಗೇ ಗೊತ್ತಾಗುತ್ತದೆ.