ಇಪ್ಪತ್ತು ಕಿಲೋದ ಮೂರು ಕಲ್ಲು

ಗಂಜಿನ ದಾಲ್ ಮಿಲ್ಲಿಗೆ ಡಿಜಿಟಲ್ ಕಾಟಾ ಬಂದ ವರ್ಷ
ತೂಕದ ಕಲ್ಲೆಲ್ಲ ಗುಜರಿಗೆ ಬಿದ್ದವು.
ಮೂರು ಆರಿಸಿ ತಂದೆ, ಇಪ್ಪತ್ತಿಪ್ಪತ್ತು ಕಿಲೋದವು,
ಟಂಟಂದಾಗ ಕಾಲ ನಡುವ ಇಟಗೊಂಡು, ಶಹಾಬಾದ ತನಕ.
ಹಿಡಿಕಿ ಸಂದ್ಯಾಗ ತೊಗರಿ ಧೂಳು ಹಂಗೇ ಇತ್ತು.
"ಮನ್ಯಾಗ ತೂಗ್ಲಾಕ ಏನದ?" ಅಂದಳು ಜಗದೇವಿ.

ತೂಗ್ಲಾಕಲ್ಲ.
ನನಗೊಂದು ಸಪಾಟ ಬೇಕಿತ್ತು.
ಅಂಗಡ್ಯಾಗಿನ ಸರ್ಫೇಸ್ ಪ್ಲೇಟಿನ ರೊಕ್ಕಕ್ಕ
ಒಂದು ಎಮ್ಮಿ ಬರತಿತ್ತು.
ನಮ್ಮೂರ ತುಂಬ ಫರಸಿ ಅದ, ಖರೆ,
ಕಾಲಿಗೆ ಸಪಾಟ,
ಕಬ್ಬಿಣ ಇಟ್ಟು ನೋಡಿದ್ರ ಗುಡ್ಡ, ಕೊಳ್ಳ.

ಹಳೇ ಅರದ ಹಲ್ಲು ಸಾಣಿಗೆ ಕೊಟ್ಟೆ,
ನೀರೆತ್ತೋ ಮೋಟಾರಿಗೆ ನಾನೇ ಕೂಡಿಸಿದ ಸಾಣಿ.
ಎರಡು ಉಸಿರು ತಿಕ್ಕು, ಒಂದು ಸಲ ನೀರಾಗ ಅದ್ದು.
ಕಮರುದ್ದೀನ ಉಸ್ತಾದರು ಹೇಳತಿದ್ರು:
ಜ್ವಾಳದ ದಂಟಿನ ಬಣ್ಣ ಕಂಡಿತೋ, ಕೈ ತಗಿ.
ನವಿಲಿನ ಬಣ್ಣ ಕಂಡಿತೋ, ಎದ್ದು ಚಾ ಕುಡಿ,
ಅದರ ಹದ ಮುಗೀತು.

ಬಟ್ಟಿಗೆ ಹಾಕೋ ನೀಲಿ, ಔಡಲೆಣ್ಣಿಯಾಗ ಕಲಸಿ
ಒಂದರ ಮಾರಿಗೆ ಹಚ್ಚಿ, ಇನ್ನೊಂದು ಮ್ಯಾಲ ಉಜ್ಜಿದ್ರ
ಎಲ್ಲಿ ಎತ್ತರ, ಅಲ್ಲಿ ನೀಲಿ.
ಕೆರಿ. ಒರಸು. ಹಚ್ಚು. ಉಜ್ಜು. ಕೆರಿ.
ಬ್ಯಾಸಗಿ ಬಿಸಲಿಗೆ ಬೀಡೂ ಉಬ್ಬತದ,
ನಸಿಕಿನಾಗ ನಾಕರಿಂದ ಏಳರ ತನಕ ಅಷ್ಟೇ ಕೆಲಸ.

ನಲವತ್ತು ನಸಿಕಿಗೆ ಒಂದೂ ಎರಡೂ ಕೂಡಿದವು,
ನಡುವ ಬೆಳಕು ಹಾಯಲಿಲ್ಲ.
ಬಂದಗೆಪ್ಪನ್ನ ಕರದು ತೋರಿಸಿದೆ.
ಅವನೂ ನಾನೂ ಒಂದೇ ಲೇಥಿಗೆ
ಹಗಲ ಪಾಳಿ, ರಾತ್ರಿ ಪಾಳಿ ನಿಂತವರು.
ಗೇಟಿಗೆ ಕೀಲಿ ಬಿದ್ದು ಹನ್ನೊಂದು ವರ್ಷ
ಒಬ್ಬರಿಗೊಬ್ಬರು ಹೇಳಿಕೊಂಡೀವಿ,
ಫ್ಯಾಕ್ಟರಿ ಚಾಲೂ ಆಗತದ, ದೀಪಾವಳಿಗೆ,
ಇಲ್ಲಾಂದ್ರ ಯುಗಾದಿಗೆ.
ಅವನ ಮಾತು ನನ್ನ ಮಾತಿಗೆ ಕೂಡತಿತ್ತು,
ನಡುವ ಬೆಳಕು ಹಾಯತಿರಲಿಲ್ಲ.

ಮೂರನೇದನ್ನೂ ಒಂದಕ್ಕೇ ಕೂಡಿಸಿ
ತಂದು ಎರಡರ ಮ್ಯಾಲ ಇಟ್ಟೆ.
ಬುಗುರಿ ಹಂಗ ತಿರುಗಿಬಿಡ್ತು.
ಎರಡಕ್ಕೂ ಹೊಟ್ಟಿ ಬಂದಿತ್ತು,
ಒಂದರ ತಗ್ಗು ನಂಬಿ ಬೆಳದ ಹೊಟ್ಟಿ.
ಬಂದಗೆಪ್ಪ ಬೀಡಿ ಹಚ್ಚಿದ, ಮಾತಾಡಲಿಲ್ಲ.
ಜಗದೇವಿ ಕಸಬರಗಿ ಹಿಡಿದು ನಿಂತು ನೋಡಿದಳು.
ಯುಗಾದಿ ಬಗ್ಗೆ ಆಕಿ ಎಂದೂ ಹೂಂ ಅಂದಾಕಿ ಅಲ್ಲ.
ಈಗೂ ಏನೂ ಅನಲಿಲ್ಲ,
ಸೆರಗಿಗೆ ಹತ್ತಿದ ನೀಲಿ ತೋರಿಸಿ ಒಳಗ ಹೋದಳು.

ಮತ್ತ ಮೊದಲಿಂದ.
ಒಂದು, ಎರಡು. ಎರಡು, ಮೂರು. ಮೂರು, ಒಂದು.
ಕಾಗಿಣಾ ತುಂಬಿ ಇಳೀತು.

ಈಗ ಯಾವ ಎರಡು ಹಿಡಿದ್ರೂ ಕೂಡತಾವ.
ಒಂದರ ಮ್ಯಾಲೊಂದು ಬಿಟ್ರ ಮೊದಲು ಗಾಳಿ ಮ್ಯಾಲ ತೇಲತದ,
ಹೊಳಿಯಾಗ ತೆಪ್ಪ ಬಿಟ್ಟಂಗ,
ಆಮ್ಯಾಲ ಕಚ್ಚತದ, ಬಿಡಂದ್ರ ಬಿಡಲ್ಲ.
ಬಂದಗೆಪ್ಪಗ ಒಂದು ಕೊಟ್ಟೀನಿ.
ದನದ ಕ್ವಾಣ್ಯಾಗ ಹಳೇ ಲೇಥ್ ತಂದಿಟ್ಟಾನ,
ಯುಗಾದಿ ಹೆಸರು ತಗಿಯಲ್ಲ.

ನಿನ್ನಿ ಕಿರಾಣಿ ಅಂಗಡಿ ಕಾಟಾದ ಮ್ಯಾಲ ಇಟ್ಟು ನೋಡಿದ್ವಿ:
ಹತ್ತೊಂಬತ್ತು ಕಿಲೋ ಏಳು ನೂರು.
ಹುಡುಗ ನಕ್ಕ, "ಕಾಕಾ, ಇದು ಮೋಸದ ಕಲ್ಲು."
ಮುನ್ನೂರು ಗ್ರಾಂ ಎಲ್ಲದ, ನನಗ ಗೊತ್ತದ.
ಫರಸಿ ಸಂದ್ಯಾಗ, ಕರ್ರಗ.
ಜಗದೇವಿ ದಿನಾ ಗುಡಸತಾಳ,
ದಿನಾ ಒಂದೀಟು ಬರತದ.