ಹಾಲಿನ ಗೋಡೆಯ ಹಿಂದೆ

ಗಿರಾಕಿಗಳಿಗೆ ನಾನು ಕಾಣುವುದಿಲ್ಲ.
ಕಯಾನಿ ಊರಿನ ಈ ಅಂಗಡಿಯಲ್ಲಿ
ಹಾಲಿನ ಗೋಡೆಯನ್ನು ಬೆನ್ನ ಕಡೆಯಿಂದ ಕಟ್ಟುತ್ತೇನೆ,
ನಾಲ್ಕು ಡಿಗ್ರಿ ಚಳಿಯ ಕೋಣೆಯಲ್ಲಿ,
ಬೆರಳ ತುದಿ ಕತ್ತರಿಸಿದ ಕೈಗವಸು ತೊಟ್ಟು.
ಅವರೊಂದು ತೆಗೆದರೆ ನಾನೊಂದು ತಳ್ಳುತ್ತೇನೆ.
ನಡುವಿನ ಕಿಂಡಿಯಲ್ಲಿ ಕೈಗಳು ಬರುತ್ತವೆ,
ಅಪರೂಪಕ್ಕೆ ಒಂದು ಮುಖ.

ಮಂಗಳವಾರ ಬಂದದ್ದು ಕಪ್ಪು ಕೈ.
ಕೊರಳಿಂದ ಜೋತ ಆಸ್ಪತ್ರೆಯ ಬಿಲ್ಲೆಯಲ್ಲಿ
ಲೆತೆಬ್ರಹಾನ್, ಸ್ವಚ್ಛತಾ ವಿಭಾಗ.
ಕೈ ನೀಲಿಯನ್ನು ಮುಟ್ಟಿತು, ತಿಳಿನೀಲಿಯನ್ನು ಮುಟ್ಟಿತು,
ಹಸಿರನ್ನು ಎತ್ತಿ, ಥಟ್ಟನೆ ವಾಪಸ್ಸಿಟ್ಟಿತು.
ಇಟ್ಟ ರೀತಿಯೇ ಹೇಳಿತು:
ಒಡೆದ ಚಹಾ ಚೆಲ್ಲಿ ಬಂದ ಕೈ ಇದು.

ಪಕ್ಕದಲ್ಲಿ ಇನ್ನೊಂದು, ಬಿಳಿಚಿಕೊಂಡು ನಡುಗುವುದು,
ಪೆಟ್ಟಿಗೆಯನ್ನು ಮೂಗಿಗೆ ತಾಗಿಸಿ ಹಿಡಿದು
ಮತ್ತೆ ತೋಳುದ್ದ ದೂರ ಹಿಡಿದು ಸೋತಿತು.
ಮುದುಕ ತೈಸ್ತೋ. ಎರಡೂ ಕಣ್ಣಿಗೆ ಪೊರೆ.
ಇಷ್ಟು ವರ್ಷ ಬಣ್ಣವೇ ಅವನ ಅಕ್ಷರ;
ಮೊನ್ನೆ ಕಂಪನಿಯವರು ಪೆಟ್ಟಿಗೆಗೆ ಹೊಸ ಬಣ್ಣ ಬಳಿದುಬಿಟ್ಟರು.

ಅವಳಿಗೆ ಅಕ್ಷರ ಗೊತ್ತು, ಅಷ್ಟೇ.
ಈ ಭಾಷೆ ನಮ್ಮದರಂತೆ, ಬರೆದ ಹಾಗೇ ಓದುವಂಥದು;
ಏನೂ ತಿಳಿಯದವರೂ ತಪ್ಪಿಲ್ಲದೆ ಓದಬಹುದು.

"ರಸ್-ವ-ತೋನ್," ಎಂದಳು.
ನನ್ನ ಕಿವಿಗೆ ಬಿದ್ದದ್ದು ರಸ.
ತೈಸ್ತೋ ಕೆನ್ನೆ ಒಳಗೆಳೆದು ಕಿರುಬೆರಳು ನಿಲ್ಲಿಸಿದ:
ಜಿಡ್ಡೆಲ್ಲ ತೆಗೆದ ಹಾಲು, ರಸವೇ ಇಲ್ಲದ್ದು.
"ಪೀ-ಮ್ಯಾ."
ಮುಖ ಹುಳ್ಳಗೆ ಮಾಡಿದ, ಆಮೇಲೆ ಹೊಟ್ಟೆ ನೀವಿ ನಕ್ಕ.
ಅವನು ಹುಡುಕುತ್ತಿದ್ದ ಹುಳಿ ಮಜ್ಜಿಗೆ ಅದೇ. ಬುಟ್ಟಿಗೆ ಎರಡು.
"ಕೌ-ರ" ಎಂದಾಗ ತಲೆಯ ಮೇಲೆ ಎರಡು ಬೆರಳು ಕೊಂಬಾದವು,
ಕೊಂಬು ಮಡಿಚಿಕೊಂಡವು.
ಹಸುವೇ ಇಲ್ಲ. ಓಟ್ಸ್ ನೆನೆಸಿ ಅರೆದು ಸೋಸಿದ ನೀರು.
ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂಬುದನ್ನು
ಇಷ್ಟು ಚಿಕ್ಕದಾಗಿ ಯಾರೂ ಹೇಳಿದ್ದು ಕಂಡಿಲ್ಲ.

"ತಾಯ್ಸ್-ಮೈ-ತೊ."
ಕ್ರೇಟು ಹಿಡಿದ ಕೈ ನಿಂತಿತು.
ಅವರಲ್ಲಿ ಅದರರ್ಥ ಪೂರ್ತಿ ಹಾಲು, ಏನೂ ಕಳೆಯದ್ದು.
ನನಗೆ ಕೇಳಿಸಿದ್ದು ಬೇರೆ. ಇರಲಿ.
ಕೆಂಪು ಸಾಲಿನಲ್ಲಿ ಉಳಿದದ್ದು ಒಂದೇ, ಹಿಂದಕ್ಕೆ ಸರಿದು;
ಬೆರಳಿನಿಂದ ನೂಕಿದೆ,
ತಾನಾಗಿ ಅವಳ ಕೈಗೆ ಬಂದಂತೆ.

ಕೆಳಗಿನ ಮೂಲೆಯಲ್ಲಿ ಒಂದು ಪುಟ್ಟ ಬಾಟಲಿ,
ಹತ್ತಿರದ ಯಾವುದೋ ಹಟ್ಟಿಯದು, ಕೈಬರಹದ ಚೀಟಿ.
"ತೆರ್-ನಿ-ಮೈ-ತೊ."
ತೈಸ್ತೋ ಬಹಳ ಹೊತ್ತು ಸನ್ನೆ ಹುಡುಕಿದ.
ಮೊದಲು ಕೊಂಬು. ಆಮೇಲೆ ಮೊಣಕಾಲೆತ್ತರದಲ್ಲಿ ಅಂಗೈ,
ಅದು ತಡವರಿಸಿ ನಿಂತಂತೆ, ಬಿದ್ದಂತೆ, ನಿಂತಂತೆ.
ಮೂರು ಬೆರಳು: ಮೂರೇ ದಿನ.
ಒಲೆಯ ಬಾಗಿಲು ತೆರೆದು, ಕೈ ಸುಟ್ಟು, ಊದಿಕೊಂಡು,
ಗಾಳಿಯಲ್ಲಿ ಒಂದು ಚೌಕ ಕೊಯ್ದು ಅವಳಿಗೆ ನೀಡಿದ.
ಅವಳು ಆ ಇಲ್ಲದ ತುಂಡನ್ನು ತೆಗೆದುಕೊಂಡಳು.
ಬಾಯಿಗೂ ಇಟ್ಟಳು.
ಅಗಿಯುತ್ತ ಒಂದು ಪದ ಹೇಳಿದಳು,
ಅಸ್ಮರಾದ ಕಡೆಯದಿರಬೇಕು;
ಅವನು ಅದನ್ನು ತಿರುಗಿ ಹೇಳಿದ, ತಪ್ಪಾಗಿ.
ಅವಳು ತಿದ್ದಿದಳು. ಮತ್ತೆ ತಪ್ಪಾಗಿ.

"ಗಿಣ್ಣು," ಎಂದೆ ನಾನು,
ಪೆಟ್ಟಿಗೆಗಳ ಹಿಂದಿನಿಂದ, ಸ್ವಲ್ಪ ಗಟ್ಟಿಯಾಗಿಯೇ.

ಇಬ್ಬರೂ ಕಪಾಟಿನತ್ತ ತಿರುಗಿದರು.
ತೈಸ್ತೋ ಕಿವಿಯ ಯಂತ್ರ ಸರಿಪಡಿಸಿಕೊಂಡ.
ಅವಳು ಮಾತ್ರ ಬಗ್ಗಿ,
ಕೆಂಪು ಹಾಲು ಹೋದ ಕಿಂಡಿಗೆ
ಕಣ್ಣಿಟ್ಟಳು.